ಕ್ಯಾಮೆರಾದ ಸವಾಲು

“ಚೂರು ಸರೀರಿ ಅಣ್ಣಾರ,” ಎನ್ನುತ್ತ ಆಕೆ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡಳು. ಹೊಸಪೇಟೆಯ ನೆಟ್ ಸೆಂಟರಿನಲ್ಲಿ ನಾನು ನನ್ನ ಸರದಿಗೆ ಕಾಯುತ್ತಿದ್ದೆ. ಮೌಸ್ ಹಿಡಿದು ಕೂತವನು ಆಕೆಯ ತಮ್ಮ. ಪರದೆಯ ಮೇಲೆ ಆನ್‌ಲೈನ್ ಸವಾಲು, ಅಂದರೆ ಹರಾಜು, ನಡೆದಿತ್ತು.

“ನೋಡಕ್ಕ, ನಿನ್ನ ರೀಲಿನ ಕ್ಯಾಮೆರಾಕ್ಕ ಪುಣೆದಾಕಿ ಒಬ್ಬಾಕಿ ಎರಡು ಸಾವಿರ ಕೂಗ್ಯಾಳ.”

“ಅಷ್ಟರಾಗ ಡಿಜಿಟಲ್ ಬರ್ತದೇನಲೇ ಮಾರುತೇಶ? ಮೈನ್ಸಿನ ಮಂದಿ ನಮ್ಮ ಸ್ಟುಡಿಯೋಕ್ಕ ಬಂದು ಡಿಜಿಟಲ್ಲೇ ಕೇಳ್ತಾರ.”

“ಇನ್ನ ಹತ್ತು ನಿಮಿಷ ಐತಿ.”

“ಆಮ್ಯಾಲೆ ಮೂರು ಸಲ ಕೂಗ್ತಾರೇನು?”

“ಇಲ್ಲ. ಟೈಮಾತಂದ್ರ ಮುಗೀತು.”

“ಅದ್ಯಾವ ಸವಾಲೋ! ಕೂಗೋರ ಮುಖ ಕಾಣ್ತದೇನು?”

“ಬರೇ ಹೆಸರು. ಅದಕ್ಕ, ನಾನೂ ಬ್ಯಾರೆ ಹೆಸರಿಲೆ ಮೂರು ಸಾವಿರ ಕೂಗ್ತೀನಿ. ಆಕಿ ನಾಕಕ್ಕ ಏರ್ತಾಳ.”

ಆಕೆ ಪರದೆಯನ್ನೇ ನೋಡಿದಳು.

“ಕಮಲಾಪುರದಾಗ ಬಾಳಿಹಣ್ಣಿನ ಸವಾಲಿದ್ರ ತೋಟದಾವ್ರನ್ನ ಎಲ್ಲಿ ನಿಂದ್ರಸ್ತಾರ?”

“ಹೊರಗ, ದಾರಿ ಮ್ಯಾಲೆ.”

“ಯಾಕ?”

“ತಮ್ಮ ಮಾಲಿಗೆ ತಾವೇ ಕೂಗಿ ರೇಟು ಏರಸ್ತಾರಂತ.” ಅವನು ನಕ್ಕ. “ಇಲ್ಲಿ ಯಾರು ನೋಡ್ತಾರಕ್ಕ? ಒತ್ತಲೇನು?”

“ಬ್ಯಾಡ. ಎರಡಕ್ಕ ಹೋದ್ರ ಹೋಗ್ಲಿ. ಮೌಸ್ ಬಿಡು.”