ಪಕ್ಕದ ಸೀಟಿನ ದೀಪ

ಆ ಬಾಗಿಲು ಒಂಚೂರು ಮುಂದೆ ಮಾಡಿ... ಹಾಂ, ಸಾಕು. ಈಗ ಕೇಳಿ. ಇದು ಅವರಿವರ ಬಾಯಿಂದ ಬಂದಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೆ, ನಮ್ಮಕ್ಕನಿಗೆ ಆಗಿದ್ದು. ಅವಳು ಹೆದರೋ ಪೈಕಿ ಅಲ್ಲ, ನಿಮಗೇ ಗೊತ್ತು. ದೆವ್ವ ಎದುರಿಗೆ ಬಂದ್ರೆ ಮೊದಲು ಲೈಸೆನ್ಸ್ ತೋರಿಸು ಅನ್ನೋಳು. ಅಂಥವಳು ಆ ರಾತ್ರಿ ಗ್ಯಾರೇಜಲ್ಲಿ ಕಾರು ಬಿಟ್ಟು, ಒಬ್ಳೇ ಮನೆಗೆ ನಡ್ಕೊಂಡು ಬರ್ತಿದ್ಲು.

ದಾರೀಲಿ ಒಂದು ಹಾಳು ಬಾವಿ ಇದೆ. ಕಟ್ಟೆ ಅರ್ಧ ಕುಸಿದಿದೆ. ಬೀದಿದೀಪ ಅದಕ್ಕಿಂತ ಮುಂಚೇನೇ ಮುಗಿದುಹೋಗತ್ತೆ. ಅಕ್ಕ ಬಾವಿ ಹತ್ರ ಬರೋ ಹೊತ್ತಿಗೆ ಹಿಂದಿಂದ ಒಂದು ಶಬ್ದ... ಕಿರ್ರ್... ಕಿರ್ರ್... ಹೊಸ ಚರ್ಮದ ಬೂಟು ಮಾಡತ್ತಲ್ಲ, ಅದೇ. ಅವಳು ನಿಂತ್ಲು. ಶಬ್ದಾನೂ ನಿಂತಿತು. ನಡೆದ್ಲು. ಕಿರ್ರ್... ಯಾರೋ ಪುಂಡ ಇರಬೇಕು ಅಂತ ಮನೆ ಬೀಗದ ಕೈ ಬೆರಳ ಸಂದಿಗೆ ಸಿಕ್ಕಿಸ್ಕೊಂಡು, ಗಕ್ಕನೆ ತಿರುಗಿ ನೋಡ್ತಾಳೆ... ರಸ್ತೆ ಖಾಲಿ. ಒಂದು ನಾಯೀನೂ ಇಲ್ಲ. ಆಮೇಲೆ ಕಿವಿ ಪಕ್ಕದಲ್ಲೇ, ಉಸಿರು ತಾಗೋಷ್ಟು ಹತ್ರ...

"ನಿಧಾನ... ನಿಧಾನ..."

ನಾನಾಗಿದ್ರೆ ಅಲ್ಲೇ ಎದೆ ಒಡ್ಕೊಂಡು ಸಾಯ್ತಿದ್ದೆ. ನಮ್ಮಕ್ಕನಿಗೆ ಬಂದಿದ್ದು ಸಿಟ್ಟು. ಯಾಕೆ ಅಂದ್ರೆ ಆ ದನಿ ಯಾರದ್ದು ಅಂತ ಗೊತ್ತಿಲ್ಲ, ಆದ್ರೆ ಆ ಧಾಟಿ ಚೆನ್ನಾಗಿ ಗೊತ್ತು. ಕಾರು ಕಲಿಸೋ ಮೇಷ್ಟ್ರು ಕಲಿಯೋರಿಗೆ ಹೇಳೋ "ನಿಧಾನ" ಅದು. ಅಕ್ಕನೇ ದಿನಾ ಬೆಳಗಿಂದ ಸಂಜೆವರೆಗೆ ಹೇಳಿ ಹೇಳಿ ಗಂಟಲು ಒಣಗಿಸ್ಕೊಳ್ಳೋ ಮಾತು.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ಇಲ್ಲಾಂದ್ರೆ ತಲೆಬುಡ ಗೊತ್ತಾಗಲ್ಲ.

ಅಕ್ಕಂದು ಹೆಂಗಸರಿಗೆ ಕಾರು ಕಲಿಸೋ ಶಾಲೆ. ಶಾಲೆ ಅಂದ್ರೆ ಏನು, ಒಂದು ಬೋರ್ಡು, ಒಂದು ಕಾರು, ಅಕ್ಕನ ಬಾಯಿ. ಕಲಿಸೋ ಕಾರು ನೋಡಿದ್ದೀರಲ್ಲ? ಅದರಲ್ಲಿ ಪಕ್ಕದ ಸೀಟಿನ ಮುಂದೇನೂ ಒಂದು ಕ್ಲಚ್ಚು, ಒಂದು ಬ್ರೇಕು ಇರತ್ತೆ. ಕಲಿಯೋರು ಗೋಡೆ ಕಡೆ ನುಗ್ಗಿಸಿದ್ರೆ, ಕಲಿಸೋರು ಅಲ್ಲಿಂದ ಒತ್ತಿ ನಿಲ್ಲಿಸಬಹುದು. ಅಕ್ಕನ ಮೊದಲ ಕಾರು ಕೈಕೊಟ್ಟ ಮೇಲೆ ಈ ಹಳೇ ಕಾರು ತಂದಿದ್ಲು. ಬೇರೆ ಯಾವುದೋ ಶಾಲೆದು. ಗ್ಯಾರೇಜಿನವನೇ ಕೊಡಿಸಿದ್ದು.

ತಂದು ತಿಂಗಳೂ ಆಗಿರಲಿಲ್ಲ, ಮೀಟರ್ ಪಕ್ಕದಲ್ಲಿ ಒಂದು ಕೆಂಪು ದೀಪ ಹತ್ತೋಕೆ ಶುರುವಾಯ್ತು. ಪಕ್ಕದ ಸೀಟಲ್ಲಿ ಕೂತೋರು ಬೆಲ್ಟ್ ಹಾಕಿಲ್ಲ ಅಂತ ಹೇಳೋ ದೀಪ. ಜೊತೆಗೆ ಟಿಣ್... ಟಿಣ್... ಅಂತ ಗಂಟೆ ಬೇರೆ. ಅಲ್ರೀ, ಬೆಲ್ಟ್ ಹಾಕೋಕೆ ಅಲ್ಲಿ ಯಾರಾದ್ರೂ ಕೂತಿರಬೇಕಲ್ವಾ? ಪಾಠ ಮುಗಿಸಿ ಅಕ್ಕ ಒಬ್ಳೇ ಓಡಿಸ್ಕೊಂಡು ಬರುವಾಗ್ಲೇ ಅದು ಹತ್ತೋದು.

ಆರ್‌ಟಿಒ ಇನ್ಸ್‌ಪೆಕ್ಟರ್ ತಪಾಸಣೆ ಹತ್ರ ಬಂದಿತ್ತು. ಮೀಟರಲ್ಲಿ ಕೆಂಪು ದೀಪ ಉರೀತಿದ್ರೆ ಕಲಿಸೋ ಕಾರು ಫೇಲು, ಮಾತೇ ಇಲ್ಲ. ಭಾವ ಮೊದಲಿಂದ ಈ ಶಾಲೆ ಕಂಡ್ರೆ ಮೂಗು ಮುರೀತಿದ್ರು. "ಈ ಸಲ ಪಾಸಾಗದಿದ್ರೆ ಬೋರ್ಡು ಇಳಿಸಿ ಮನೇಲಿರು" ಅಂದ್ರು. ಅಕ್ಕ ಸಿಟ್ಟಲ್ಲಿ "ಆಗಲಿ, ಇಳಿಸ್ತೀನಿ" ಅಂದುಬಿಟ್ಲು. ಅವಳು ಅಂದ್ರೆ ಅಂದ ಹಾಗೇ, ಆಡಿದ ಮಾತು ನುಂಗೋ ಅಭ್ಯಾಸ ಇಲ್ಲ. ಅದೇ ಅವಳ ಕಷ್ಟ.

ಗ್ಯಾರೇಜಿನವನನ್ನ ಎಲ್ರೂ ಕರೆಯೋದು "ಆಗೋಗತ್ತೆ" ಅಂತ. ಇಂಜಿನ್ನು ಬಿಚ್ಚಿ ನೆಲದ ತುಂಬ ಹರಡಿ, ಯಾವ ನಟ್ಟು ಎಲ್ಲಿಯದು ಅಂತ ತಲೆ ಕೆರ್ಕೊಳ್ತಿದ್ರೂ "ಆಗೋಗತ್ತೆ ಬಿಡಿ" ಅಂತಾನೆ. ಅವನ ಹತ್ರ ಕಾರು ತಗೊಂಡು ಹೋದ್ರೆ ದೀಪ ಹತ್ತಲ್ಲ. ಮನೇಲಿ ಚೀರಾಡೋ ಮಗು ಡಾಕ್ಟರ ಮುಂದೆ ಕಿಲಕಿಲ ನಗತ್ತಲ್ಲ, ಹಾಗೆ. ಅವನೇ ಒಂದು ಸುತ್ತು ಓಡಿಸಿ ನೋಡ್ತಾನೆ, ಹತ್ತಲ್ಲ.

"ಟೀಚರಮ್ಮ, ನೀವು ಸೀಟ್ ಮೇಲೆ ಕೈಚೀಲ ಇಡ್ತೀರ. ಅದರ ಭಾರಕ್ಕೆ ಹತ್ತತ್ತೆ."

"ನನ್ನ ಚೀಲ ಹೆಗಲ ಮೇಲಿದೆ ಅಣ್ಣಾ. ನಿಮ್ಮ ಕಣ್ಣು ಎಲ್ಲಿದೆ?"

ಸೀಟಿನ ಕೆಳಗಿನ ಸ್ವಿಚ್ಚು ಬದಲಾಯಿಸಿದ. ಬೆಲ್ಟಿನ ಕೊಂಡಿ ಬದಲಾಯಿಸಿದ. ವೈರನ್ನೇ ಕತ್ತರಿಸಿ ಕೈಗೆ ಕೊಟ್ಟ. ಅಕ್ಕ ಗ್ಯಾರೇಜಿಂದ ಹೊರಗೆ ಬಂದು ಮೊದಲ ತಿರುವು ದಾಟೋದೇ ತಡ... ಟಿಣ್. ತಪಾಸಣೆಯ ಹಿಂದಿನ ಸಂಜೆ ಅಕ್ಕ ಕೀ ಅವನ ಮೇಜಿನ ಮೇಲೆ ಎಸೆದು, "ಇವತ್ತು ಆಗದಿದ್ರೆ ನಿಮ್ಮ ಬೋರ್ಡನ್ನೂ ನಾನೇ ಇಳಿಸ್ತೀನಿ" ಅಂದ್ಲು. ರಾತ್ರಿ ಕೂತು ಮಾಡ್ತೀನಿ, ಬೆಳಿಗ್ಗೆ ಬನ್ನಿ ಅಂದ ಅವನು. ಅವನು ಬಿಚ್ಚೋದನ್ನ ಕತ್ತಲಾಗೋವರೆಗೂ ನೋಡ್ತಾ ನಿಂತಿದ್ದು, ಆಮೇಲೆ ಹೊರಟ್ಲು. ಹಾಗೆ ನಡ್ಕೊಂಡು ಬಂದಿದ್ದು.

ಈಗ ಬಾವಿ ಹತ್ರಕ್ಕೆ ಬನ್ನಿ.

"ನಡೆಯೋರಿಗೆ ಯಾರ್ರೀ ನಿಧಾನ ಅನ್ನೋದು?" ಅಂತ ಅಕ್ಕ ಗಟ್ಟಿಯಾಗಿ ಕೇಳಿದ್ಲು. ಬಾವಿ ಒಳಗೆ ಒಂದು ಕಲ್ಲು ಜಾರಿ ಬಿದ್ದು, ತುಂಬಾ ಹೊತ್ತಾದ ಮೇಲೆ ಗುಳುಕ್ ಅಂತು. ಅಲ್ಲೇ ಅವಳಿಗೆ ಹೊಳೀತು. ಗ್ಯಾರೇಜಲ್ಲಿ ದೀಪ ಯಾಕೆ ಹತ್ತಲ್ಲ? ಅಲ್ಲಿ ಸೀಟು ನಿಜವಾಗ್ಲೂ ಖಾಲಿ ಇರತ್ತೆ. ಅದರಲ್ಲಿ ಕೂತೋರು ಅವಳು ಇಳಿದಾಗ ಜೊತೆಗೇ ಇಳೀತಾರೆ.

ಮನೆ ದೀಪ ಕಾಣ್ತಾ ಇತ್ತು. ಓಡಿಹೋಗಿ ಬಾಗಿಲು ಹಾಕ್ಕೋಬಹುದಿತ್ತು. ಅಕ್ಕ ಏನು ಮಾಡಿದ್ಲು ಗೊತ್ತಾ? ಗ್ಯಾರೇಜ್ ಕಡೆಗೆ ತಿರುಗಿದ್ಲು.

"ಬನ್ನಿ," ಅಂದ್ಲು ಕತ್ತಲಿಗೆ. "ಇವತ್ತು ಇತ್ಯರ್ಥ ಆಗಿಹೋಗ್ಲಿ."

ಕಿರ್ರ್... ಕಿರ್ರ್... ದಾರಿಯುದ್ದಕ್ಕೂ ಬಂತು.

ಗ್ಯಾರೇಜಿನ ಶಟರ್ ಅರ್ಧ ಇಳಿದಿತ್ತು. ಅಕ್ಕ ಬಗ್ಗಿ ಒಳಗೆ ಹೋದ್ಲು. ಆಗೋಗತ್ತೆ ಡ್ರೈವರ್ ಸೀಟಲ್ಲಿ ಕೂತು, ಹಣೆಗೆ ಟಾರ್ಚ್ ಕಟ್ಕೊಂಡು ಮೀಟರ್ ಕೆದಕ್ತಾ ಇದ್ದ. ಬೂಟಿನ ಶಬ್ದ ಅವಳನ್ನ ದಾಟಿ, ಸಿಮೆಂಟ್ ನೆಲದ ಮೇಲೆ ಕಾರಿನವರೆಗೂ ಹೋಯ್ತು. ನಿಂತಿತು. ಬಾಗಿಲು ತೆರೀಲಿಲ್ಲ. ಆದ್ರೆ ಕಾರು ಆ ಪಕ್ಕಕ್ಕೆ ವಾಲಿತು... ಕುಂಯ್ಯ್... ದಪ್ಪಗಿನವರು ಯಾರೋ ಕೂತ್ರೆ ವಾಲತ್ತಲ್ಲ, ಅಷ್ಟು.

ದೀಪ ಹತ್ಕೊಂತು. ಕೆಂಪಗೆ.

ಆಗೋಗತ್ತೆ ಕಾರಿಂದ ಹೊರಗೆ ಬಿದ್ದನೋ ಇಳಿದನೋ, ಅವನಿಗೇ ಗೊತ್ತಿಲ್ಲ. ಅಕ್ಕನ ಮುಂದೆ ಬಂದು ಮುಷ್ಟಿ ಬಿಚ್ಚಿದ. ಅಂಗೈ ಮೇಲೆ ಕಾಳಿನಷ್ಟು ಚಿಕ್ಕ ಬಲ್ಬು.

"ಟೀಚರಮ್ಮ... ಆ ದೀಪದ ಬಲ್ಬು... ತೆಗೆದು ಕೈಯಲ್ಲೇ ಇಟ್ಕೊಂಡಿದ್ದೀನಿ."

"ಹಾಗಾದ್ರೆ ಅಲ್ಲಿ ಉರೀತಿರೋದೇನು?"

ಅವನು ಒಂದು ಸಲ ಅಂಗೈ ನೋಡಿದ, ಒಂದು ಸಲ ಮೀಟರ್ ನೋಡಿದ.

"ಈಗ ಅನ್ನಿ ಅಣ್ಣಾ, ಆಗೋಗತ್ತೆ ಅಂತ."

ಅವನು ಅವಳನ್ನ ಟೈರುಗಳ ಹಿಂದಕ್ಕೆ ಎಳ್ಕೊಂಡು ಹೋಗಿ, ಪಿಸುಗುಟ್ಟಿದ. "ಆ ಕಾರಿನ ಹಳೇ ಮೇಷ್ಟ್ರು... ಪಾಠ ಹೇಳ್ತಾ ಹೇಳ್ತಾನೇ ಹೋಗ್ಬಿಟ್ರು. ಆ ಸೀಟಲ್ಲೇ. ಓಡಿಸ್ತಿದ್ದ ಹೆಂಗಸಿಗೆ ಗೊತ್ತಾಗ್ಲಿಲ್ಲ. ನೇರ ಹೋಗಿ ಅಂದಿದ್ರಂತೆ. ತಿರುಗಿಸಿ ಅಂತ ಹೇಳೋವರೆಗೂ ತಿರುಗಿಸ್ಬಾರ್ದು ಅಂತ ಅವರೇ ಕಲಿಸಿದ್ದು. ಪೆಟ್ರೋಲ್ ಮುಗಿಯೋವರೆಗೂ ನೇರ ಹೋದ್ಲು, ಪಾಪ."

"ಇದನ್ನ ನನಗೆ ಕಾರು ಕೊಡಿಸುವಾಗ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ತಗೋತಿದ್ರಾ?"

ನೋಡಿ ಹೆಂಗಿದೆ! ನನಗೆ ಈಗ್ಲೂ ಅವನ ಕಿವಿ ಹಿಂಡೋಣ ಅನ್ಸತ್ತೆ. ಅಕ್ಕ ಮಾತ್ರ ಒಂದು ಸಲ ಮೇಲಿಂದ ಕೆಳಗೆ ನೋಡಿದ್ಲು, ಅಷ್ಟಕ್ಕೇ ಅವನು ಕುಗ್ಗಿಹೋದ. "ಬೇಕಾದ್ರೆ ದೀಪದ ಮೇಲೆ ಕರೀ ಟೇಪ್ ಅಂಟಿಸ್ತೀನಿ," ಅಂದ. "ನಾಳೆ ಇನ್ಸ್‌ಪೆಕ್ಟರ ಕಣ್ಣಿಗೆ ಬೀಳಲ್ಲ. ಇಲ್ಲಾಂದ್ರೆ ಕಾರು ಇಲ್ಲೇ ಬಿಟ್ಬಿಡಿ ಟೀಚರಮ್ಮ. ಬೇರೆ ನೋಡೋಣ."

"ದೀಪ ಮುಚ್ಚಿಟ್ಟು ಓಡಿಸಿ ಅಂತ ನಾನು ಯಾರಿಗೂ ಕಲಿಸಿಲ್ಲ," ಅಂದ್ಲು ಅಕ್ಕ. "ಬಲ್ಬ್ ಹಾಕಿ. ಕೀ ಕೊಡಿ."

"ಒಬ್ರೇ ಹೋಗ್ತೀರಾ?"

"ಒಬ್ಳೇ ಎಲ್ಲಿ? ಕೂತಿದ್ದಾರಲ್ಲ."

ಹೊರಟ್ಲು. ಟಿಣ್... ಟಿಣ್... ಟಿಣ್... ಅಕ್ಕ ಪಕ್ಕಕ್ಕೆ ನೋಡ್ಲಿಲ್ಲ. ಕಾರೊಳಗೆ ಹಳೇ ಕ್ಷೌರದ ಸೋಪಿನ ವಾಸನೆ ಇತ್ತಂತೆ. ಬಾವಿ ಹತ್ರದ ತಿರುವು ಬಂತು. ಅವಳು ಇನ್ನೂ ಬ್ರೇಕ್ ಮುಟ್ಟಿಲ್ಲ... ಪಕ್ಕದ ಬ್ರೇಕ್ ತಾನಾಗೇ ಗಕ್ ಅಂತ ಕೆಳಗೆ ಹೋಯ್ತು. ಕಾರು ಮುಗ್ಗರಿಸಿ ನಿಂತಿತು. ಇಂಜಿನ್ ಆಫ್. ಗಂಟೆ ಮಾತ್ರ ಟಿಣ್... ಟಿಣ್...

"ನಿಧಾನ..."

ಅಕ್ಕನಿಗೂ ಆಗ ಹೆದರಿಕೆ ಆಯ್ತು. ಅವಳೇ ಒಪ್ಕೋತಾಳೆ, ನಾನು ಸೇರಿಸ್ತಿಲ್ಲ. ಆದ್ರೆ ಇಳಿದು ಓಡೋಕಾಗತ್ತಾ? ಅವಳು ಇಳಿದ್ರೆ ಬೋರ್ಡೂ ಇಳೀತು. ಸ್ಟೀರಿಂಗ್ ಗಟ್ಟಿ ಹಿಡ್ಕೊಂಡು, ಮುಂದೆ ನೋಡ್ತಾನೇ ಮಾತಾಡಿದ್ಲು.

"ಮೇಷ್ಟ್ರೇ, ಕೇಳಿಸ್ಕೊಳ್ಳಿ. ನಾನು ಕಲಿಯೋಳಲ್ಲ. ಈ ಊರಿನ ಅರ್ಧ ಹೆಂಗಸರಿಗೆ ಸ್ಟೀರಿಂಗ್ ಹಿಡಿಯೋದು ಕಲಿಸಿದೋಳು. ನನಗೆ ಯಾರೂ ಬ್ರೇಕ್ ಹಿಡೀಬೇಕಾಗಿಲ್ಲ. ಮನೇಲಿ ಒಬ್ರು ಹಿಡಿಯೋರಿದ್ದಾರೆ, ಅದೇ ಸಾಕಾಗಿದೆ. ಕಾಲು ತೆಗೀರಿ."

ಪಕ್ಕದ ಸೀಟಿಂದ ಸಣ್ಣಗೆ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ:

"ಅಭ್ಯಾಸ..."

"ಅಭ್ಯಾಸ ನನಗೂ ಇದೆ. ಊಟಕ್ಕೆ ಕೂತಾಗ್ಲೂ ಮೇಜಿನ ಕೆಳಗೆ ಕಾಲು ಒತ್ತುತ್ತಿರ್ತೀನಿ. ಹಾಗಂತ ಇನ್ನೊಬ್ರ ತಟ್ಟೆ ಒದೀತೀನಾ? ತೆಗೀರಿ. ಮತ್ತೆ ಬೆಲ್ಟ್ ಹಾಕಿ. ನನ್ನ ಗಾಡೀಲಿ ಬದುಕಿದ್ರೂ ಬೆಲ್ಟ್ ಹಾಕ್ಬೇಕು, ಸತ್ರೂ ಹಾಕ್ಬೇಕು. ಹಾಕೋಕಾಗಲ್ವಾ, ಬಾವಿ ಇಲ್ಲೇ ಇದೆ, ಇಳ್ಕೊಳ್ಳಿ."

ಹೀಗೆ ದೆವ್ವಕ್ಕೆ ಬೈದೋರನ್ನ ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ಪಕ್ಕದಲ್ಲಿ ಮೊದಲು ಒಂದು ನಿಟ್ಟುಸಿರು. ಆಮೇಲೆ ಸರ್ರ್ರ್... ಬೆಲ್ಟು ಎಳೆದ ಶಬ್ದ. ನಡುವೆ ಸಿಕ್ಕಿಹಾಕ್ಕೊಂತು. ಮತ್ತೆ ಸರ್ರ್... ಕ್ಲಿಕ್.

ಗಂಟೆ ನಿಂತಿತು. ದೀಪ ಆರ್ತು. ಪಕ್ಕದ ಬ್ರೇಕು ಟಕ್ ಅಂತ ಮೇಲೆ ಬಂತು. ಅಕ್ಕ ಕಾರು ಶುರು ಮಾಡಿ ಮನೆಗೆ ಬಂದ್ಲು, ಬಂದು ಊಟ ಮಾಡಿದ್ಲು, ಮಲಗಿದ್ಲು. ಭಾವನಿಗೆ ಒಂದು ಮಾತೂ ಹೇಳ್ಲಿಲ್ಲ.

ನನಗೆ ಹೇಳಿದ್ಲು. ನಾನು ಕೇಳಿದೆ, "ಅಕ್ಕಾ, ನೀನು ಪಾಠ ಹೇಳುವಾಗ ಆ ಸೀಟಲ್ಲಿ ನೀನೇ ಕೂರ್ತೀಯಲ್ಲ. ಆಗ ಅವರೆಲ್ಲಿ ಕೂರ್ತಾರೆ?"

"ಅದು ಅವರ ತಾಪತ್ರಯ," ಅಂದ್ಲು.

ತಪಾಸಣೆಯಲ್ಲಿ ಕಾರು ಪಾಸಾಯ್ತು. ಬೋರ್ಡು ಇವತ್ತಿಗೂ ಅಲ್ಲೇ ಇದೆ, ಬೇಕಾದ್ರೆ ಬೆಳಿಗ್ಗೆ ಹೋಗಿ ನೋಡಿ. ಭಾವ ಈಗ ಅದರ ಧೂಳು ಒರೆಸ್ತಾರೆ. ಆದ್ರೆ ನಾನು ಹೇಳ್ಬೇಕಾಗಿರೋದು ಅದಲ್ಲ.

ಆ ದಿನ ಹಿಂದಿನ ಸೀಟಲ್ಲಿ ನಾನಿದ್ದೆ. ಧೈರ್ಯಕ್ಕೆ ಬಾ ಅಂತ ಅಕ್ಕ ಕರ್ಕೊಂಡು ಹೋಗಿದ್ಲು. ಧೈರ್ಯ ಅವಳಿಗಲ್ಲ, ಕಾರು ಹೊಂಡಕ್ಕೆ ಬಿದ್ರೆ ತಳ್ಳೋಕೆ ಅಂತ ಕಾಣತ್ತೆ. ಇನ್ಸ್‌ಪೆಕ್ಟರ್ ಈ ಊರಿಗೆ ಹೊಸಬರು. ನಮ್ಮ ಪೈಕಿ ಯಾರದ್ದೂ ಗುರುತಿಲ್ಲ. ದೀಪಗಳನ್ನೆಲ್ಲ ನೋಡಿದ್ರು, ಒಂದೂ ಹತ್ತಿರಲಿಲ್ಲ. "ಸರಿ, ಒಂದು ಸುತ್ತು ಹೋಗೋಣ" ಅಂತ ಬಂದು ಪಕ್ಕದ ಸೀಟಿನ ಬಾಗಿಲು ತೆಗೆದ್ರು. ತೆಗೆದೋರು ಅಲ್ಲೇ ನಿಂತ್ರು.

"ಓ... ಸಾರಿ," ಅಂದ್ರು. ಬಾಗಿಲು ಮೆಲ್ಲಗೆ ಹಾಕಿ, ಹಿಂದೆ ಬಂದು ನನ್ನ ಪಕ್ಕ ಕೂತ್ರು.

ಉದ್ದ ಆಳು. ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತಾ ಇತ್ತು. ಎರಡು ಸಲ ಆ ಕಡೆ ಈ ಕಡೆ ಸರಿದು ನೋಡಿದ್ರು, ಆಗ್ಲಿಲ್ಲ. ಕೊನೆಗೆ ಮುಂದಕ್ಕೆ ಬಗ್ಗಿ, ಆ ಖಾಲಿ ಸೀಟಿಗೆ ಮರ್ಯಾದೆಯಿಂದ ಹೇಳಿದ್ರು:

"ಸಾರ್, ಒಂಚೂರು ಮುಂದಕ್ಕೆ ತಗೋತೀರಾ?"

ಕರ್... ಕರ್... ಕರ್... ಟಕ್.

ಸೀಟು ಮುಂದಕ್ಕೆ ಹೋಯ್ತು. ಅಕ್ಕ ಕನ್ನಡಿ ಸರಿ ಮಾಡ್ಕೊಂಡು ಗೇರ್ ಹಾಕಿದ್ಲು. ಇದನ್ನ ನನಗೆ ಯಾರೂ ಹೇಳಿದ್ದಲ್ಲ, ನಾನು ಅಲ್ಲೇ ಕೂತಿದ್ದೆ.