ಕಾರಂಜಿಗೆ ಬಂದ ಬಕೆಟ್ಟುಗಳು

ಅಧ್ಯಕ್ಷ ಸ್ಥಾನದಲ್ಲಿರುವ, ನಮ್ಮ ಹೈಷಿವಾನ್ ಹಳ್ಳಿಯ ಪಕ್ಷದ ಕಾರ್ಯದರ್ಶಿ ಕಾವ್ ಅವರೇ, ಬೆಟ್ಟದ ರಸ್ತೆಯಲ್ಲಿ ಬೆನ್ನು ನೋಯಿಸಿಕೊಂಡು ಬಂದಿರುವ ಶಿಕ್ಷಣ ಕಚೇರಿಯ ಅತಿಥಿಗಳೇ, ಇಂದಿನ ಸನ್ಮಾನಿತರೂ ಒಂದು ಕಾಲಕ್ಕೆ ನಮ್ಮ ಷ್ವಾಂಗ್‌ಲಿಂಗ್ ತಾಲೂಕಿನ ಮುಖ್ಯಾಧಿಕಾರಿಗಳೂ ಆಗಿದ್ದ ಶ್ರೀ ಡ್ವಾನ್ ಹೊಂಗ್‌ಕೈ ಅವರೇ, ಮುಂದಿನ ಸಾಲಿನಲ್ಲಿ ಸೂರ್ಯಕಾಂತಿ ಬೀಜ ಬಿಡಿಸುತ್ತ ಕುಳಿತ ಅಜ್ಜಿಯಂದಿರೇ, ನನ್ನ ಮಕ್ಕಳೇ, ಸಮಸ್ತ ಸಭಿಕರೇ,

ಈ ಶಾಲೆಯ ಮುಖ್ಯೋಪಾಧ್ಯಾಯಿನಿ ಎಂಬ ಕಾರಣಕ್ಕೆ ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತು ಆಡಲು ನನಗೆ ಅವಕಾಶ ಕೊಟ್ಟಿದ್ದಾರೆ. ವೇದಿಕೆ ಹತ್ತುವ ಮೊದಲು ಡ್ವಾನ್ ಅವರು ನನ್ನನ್ನು ಪಕ್ಕಕ್ಕೆ ಕರೆದರು. "ಫಾನ್ ಟೀಚರೇ, ನನ್ನ ಬಗ್ಗೆ ಏನಾದ್ರೂ ಚೂರು ಒಳ್ಳೇದು ಹೇಳಿ ಮುಗಿಸ್ಬಿಡಿ. ಆ ಕಾರಂಜಿ ವಿಷ್ಯ ಮಾತ್ರ ಎತ್ಬೇಡಿ, ದಮ್ಮಯ್ಯ," ಎಂದರು. ಸಭಿಕರೇ, ನೀವೇ ಹೇಳಿ, ಕಾರಂಜಿಯನ್ನು ಬಿಟ್ಟರೆ ಅವರ ಬಗ್ಗೆ ಹೇಳಲು ನನ್ನ ಹತ್ತಿರ ಬೇರೆ ಏನಿದೆ? ಅವರು ನನ್ನ ಕೋಟಿನ ಅಂಚು ಜಗ್ಗಿದರೆ ಜಗ್ಗಲಿ. ನಾನು ಎತ್ತುವವಳೇ.

ಇಲ್ಲಿರುವ ಮಕ್ಕಳಿಗೆ ನಲ್ಲಿ ತಿರುಗಿಸಿದರೆ ನೀರು ಬರುವುದು ಬಹಳ ಸಹಜ ಸಂಗತಿ. ಅವರ ಅಜ್ಜಿಯಂದಿರನ್ನು ಕೇಳಿ. ಆಗ ನಮ್ಮ ಬೆಟ್ಟದಲ್ಲಿ ನೀರೆಂದರೆ ಅಂಗಳದ ಅಡಿಯಲ್ಲಿ ತೋಡಿದ ತೊಟ್ಟಿಯ ನೀರು. ಮಳೆ ಬಂದರೆ ಅಂಗಳದಿಂದ ನೀರು ಅದಕ್ಕೆ ಇಳಿಯಬೇಕು, ಬರದಿದ್ದರೆ ಕಾವಡಿ ಹೊತ್ತು ಕಣಿವೆಗೆ ನಾವೇ ಇಳಿಯಬೇಕು. ಮನೆಗೆ ಬೀಗ ಹಾಕದವರೂ ತೊಟ್ಟಿಗೆ ಬೀಗ ಹಾಕುತ್ತಿದ್ದರು. ಬೆಳಿಗ್ಗೆ ಒಂದೇ ಬೋಗುಣಿ ನೀರಿನಲ್ಲಿ ಮನೆಯವರೆಲ್ಲ ಸರದಿಯಂತೆ ಮುಖ ತೊಳೆದು, ಕೊನೆಗೆ ಆ ನೀರನ್ನು ಕತ್ತೆಗೆ ಇಡುತ್ತಿದ್ದೆವು. ಕತ್ತೆ ಒಮ್ಮೆ ಬೋಗುಣಿ ನೋಡಿ, ಒಮ್ಮೆ ನಮ್ಮನ್ನು ನೋಡಿ, ಆಮೇಲೆ ಕುಡಿಯುತ್ತಿತ್ತು.

ನಾನು ಕಣಿವೆಯ ಕೆಳಗಿನ ಊರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ, ತವರಿನ ಅಭ್ಯಾಸದಂತೆ, ತುಂಬಿದ ಬೋಗುಣಿಯಲ್ಲಿ ತಲೆ ತೊಳೆದುಕೊಂಡೆ. ಸೋಪಿನ ನೀರನ್ನು ಅಂಗಳಕ್ಕೆ ಚೆಲ್ಲಿಯೂಬಿಟ್ಟೆ. ನನ್ನ ಅತ್ತೆ ಒದ್ದೆ ಮಣ್ಣನ್ನು ನೋಡಿದರು, ನನ್ನ ಕೂದಲನ್ನು ನೋಡಿದರು. "ರಾಜಕುಮಾರಿ ಬಂದವ್ಳೆ ನಮ್ಮನೆಗೆ!" ಎಂದವರು ತೊಟ್ಟಿಯ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡರು. ವರ್ಷಗಟ್ಟಲೆ ಬಿಚ್ಚಲಿಲ್ಲ. ನನ್ನ ಗಂಡ ಕರಾವಳಿಯ ನಗರಗಳಲ್ಲಿ ಗಗನಚುಂಬಿ ಕಟ್ಟಡಗಳನ್ನು ಕಟ್ಟಲು ಹೋದರು. ಮೊದಲು ಹೊಸ ವರ್ಷದ ಹಬ್ಬಕ್ಕೆ ಬರುತ್ತಿದ್ದರು, ಆಮೇಲೆ ಅದೂ ನಿಂತಿತು. ಅಲ್ಲಿ ಸ್ನಾನಕ್ಕೆ ಬಿಸಿನೀರು ಬರುತ್ತದಂತೆ. ಅದು ಬೇರೆ ವಿಷಯ, ಬಿಡಿ. ಮನೆಯಲ್ಲಿ ನಾನು, ಅತ್ತೆ, ಮಧ್ಯದಲ್ಲಿ ಆ ಬೀಗದ ಕೈ. ನಾವು ಜಗಳವಾಡಿದಷ್ಟು ಈ ಬೆಟ್ಟದಲ್ಲಿ ಯಾರೂ ಆಡಿರಲಾರರು, ಅವರನ್ನು ನೆನೆದಷ್ಟು ನಾನು ಯಾರನ್ನೂ ನೆನೆಯುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ರಾಜಧಾನಿಯಲ್ಲಿ ಒಲಿಂಪಿಕ್ಸ್ ನಡೆದ ವರ್ಷ ಅದು. ಶಿಕ್ಷಣ ಕಚೇರಿಯವರು ಬಂದು, ನೀರಿಲ್ಲದ ಶಾಲೆಗಳನ್ನು ಶೈಕ್ಷಣಿಕ ವರ್ಷದ ಕೊನೆಗೆ ಮುಚ್ಚಿ ಪಟ್ಟಣದ ಶಾಲೆಗೆ ಸೇರಿಸುತ್ತೇವೆ ಎಂದು ಹೇಳಿಹೋಗಿದ್ದರು. ಆರು ವರ್ಷದ ಮಗು ತಾಯಿಯನ್ನು ಬಿಟ್ಟು ಪಟ್ಟಣದ ಹಾಸ್ಟೆಲಿನಲ್ಲಿ ಮಲಗಬೇಕು. ಹಾಸ್ಟೆಲಿಗೆ ಕಳಿಸಲಾಗದವರ ಮಗು, ಅದರಲ್ಲೂ ಹೆಣ್ಣುಮಗು, ಕುರಿ ಕಾಯಬೇಕು. ಅತಿಥಿಗಳೇ, ನೀವು ಆಗ ಈ ಕಚೇರಿಯಲ್ಲಿ ಇರಲಿಲ್ಲ, ತಲೆ ತಗ್ಗಿಸಬೇಡಿ. ಆದರೆ ಆ ದಿನಗಳಲ್ಲಿ ಹಾಜರಿ ಪುಸ್ತಕ ತೆರೆಯಲು ನನಗೆ ಮನಸ್ಸಾಗುತ್ತಿರಲಿಲ್ಲ. ಯಾರು ಹಾಸ್ಟೆಲಿಗೆ, ಯಾರು ಕುರಿಗಳ ಹಿಂದೆ ಎಂದು ಹೆಸರು ಕೂಗುತ್ತಲೇ ನನಗೆ ಗೊತ್ತಾಗುತ್ತಿತ್ತು.

ಅದೇ ವರ್ಷ ನಮ್ಮ ತಾಲೂಕು ಪಟ್ಟಣದಲ್ಲಿ ಏನು ಎದ್ದಿತು? ಸಂಗೀತ ಕಾರಂಜಿ! ಕಟ್ಟಿಸಿದ್ದು ಇದೇ ಡ್ವಾನ್ ಅವರು. ಸರ್ಕಾರವೇ ಕಡುಬಡ ತಾಲೂಕು ಎಂದು ಘೋಷಿಸಿದ ತಾಲೂಕಿನಲ್ಲಿ, ಗುಮ್ಮಟವಿರುವ ಅಮೃತಶಿಲೆಯ ಕಚೇರಿ, ಅದರ ಮುಂದೆ ವಿಮಾನ ಇಳಿಸಬಹುದಾದಷ್ಟು ದೊಡ್ಡ ಚೌಕ, ಚೌಕದ ನಡುವೆ ಸುತ್ತಮುತ್ತಲ ಪ್ರಾಂತ್ಯಗಳಲ್ಲೇ ಅತಿ ಎತ್ತರಕ್ಕೆ ಚಿಮ್ಮುವ ಕಾರಂಜಿ. ಅದಕ್ಕಾಗಿ ಹಳದಿ ನದಿಯಿಂದ ಬೆಟ್ಟ ಕಣಿವೆಗಳನ್ನು ದಾಟಿಸಿ ಕೊಳವೆ ತಂದರು. ಆ ಕೊಳವೆ ಎಲ್ಲಿ ಹಾದುಹೋಯಿತು ಗೊತ್ತೇ? ನಮ್ಮ ಬೆಟ್ಟದ ಬುಡದಲ್ಲಿ. ನಮ್ಮ ಹೆಂಗಸರು ಕಾವಡಿ ಹೊತ್ತು ಆ ಕೊಳವೆಯನ್ನು ದಾಟಿ ನೀರಿಗೆ ಹೋಗುತ್ತಿದ್ದರು. ಬಿಸಿಲಿನಲ್ಲಿ ಕೆಲವರು ಅದರ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದರು, ತಣ್ಣಗಿರುತ್ತಿತ್ತಲ್ಲ.

ಉದ್ಘಾಟನೆಗೆ ಪ್ರಾಂತ್ಯದ ಹಿರಿಯ ನಾಯಕರೊಬ್ಬರು ಬರುವವರಿದ್ದರು. ರಸ್ತೆ ಬದಿಯ ಮನೆಗಳಿಗೆ ಸುಣ್ಣ ಹೊಡೆದರು, ರಸ್ತೆಗೆ ಕಾಣುವ ಗೋಡೆಗೆ ಮಾತ್ರ. ಹಿಂದಿನ ಗೋಡೆ ಯಾರಿಗೆ ಕಾಣಬೇಕು? ಪ್ರತಿ ಮನೆಯಿಂದ ಒಬ್ಬರು ಕಾಗದದ ಕೆಂಪು ಬಾವುಟ ಹಿಡಿದು ಚೌಕಕ್ಕೆ ಬಂದು ಚಪ್ಪಾಳೆ ತಟ್ಟಬೇಕೆಂದು ಆಜ್ಞೆಯಾಯಿತು. ನಮ್ಮ ಕಾವ್ ಕಾರ್ಯದರ್ಶಿಗಳು, ಆಗಿನ್ನೂ ಇವರ ತಲೆಯಲ್ಲಿ ಕೂದಲಿತ್ತು, ಮನೆಮನೆಗೆ ಬಂದು ಬಾವುಟ ಹಂಚಿದರು.

ಆದರೆ ಸಭಿಕರೇ, ನಮ್ಮ ಬೆಟ್ಟದ ಪದ್ಧತಿ ನಿಮಗೆ ಗೊತ್ತಲ್ಲ? ನೀರು ಇರುವ ಕಡೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಹೋದರೆ ನೀರಿನ ಒಡೆಯನಾದ ಡ್ರ್ಯಾಗನ್ ರಾಜ ಮುನಿಯುತ್ತಾನೆ, ನಾನು ಕೊಟ್ಟಿದ್ದು ಇವರಿಗೆ ಬೇಡವಾಯಿತು ಎಂದುಕೊಂಡು ಮಳೆಯನ್ನೂ ಹಿಂದೆ ಕರೆದುಕೊಳ್ಳುತ್ತಾನೆ. ಆ ಬೆಳಿಗ್ಗೆ ನನ್ನ ಅತ್ತೆ ಬಾವುಟವನ್ನು ಜಡೆಗೆ ಸಿಕ್ಕಿಸಿಕೊಂಡು ಕಾವಡಿಗೆ ಎರಡು ಬಕೆಟ್ ತೂಗಿಹಾಕಿದರು.

"ಅತ್ತೆ, ಇದೇನಿದು? ಅದು ನೋಡೋ ನೀರು, ತರೋ ನೀರಲ್ಲ," ಎಂದೆ.

"ನೀರಲ್ಲಿ ನೋಡೋ ನೀರು ಬೇರೆ, ತರೋ ನೀರು ಬೇರೆ ಇದ್ಯೇನೇ? ಇಷ್ಟು ಓದಿದ್ದೀಯ, ಇದ್ಯಾವ ಪಾಠದಲ್ಲಿ ಬಂತು?"

"ಚಪ್ಪಾಳೆ ತಟ್ಬೇಕಂತೆ."

"ಬಕೆಟ್ ಕೆಳಗಿಟ್ಟು ತಟ್ತೀನಿ."

ಹೊರಗೆ ಬಂದು ನೋಡಿದರೆ ಇಡೀ ಊರು ಬಕೆಟ್ಟು, ಬೋಗುಣಿ, ಡ್ರಮ್ಮುಗಳೊಂದಿಗೆ ಹೊರಟಿದೆ. ಒಬ್ಬರು ಕತ್ತೆಗಾಡಿಯನ್ನೇ ಕಟ್ಟಿದ್ದರು. ಕಾವ್ ಅವರು ದಾರಿಗೆ ಅಡ್ಡ ನಿಂತು, "ನನ್ನ ಕೆಲ್ಸ ಹೋಗತ್ತೆ ಕಣ್ರಪ್ಪಾ!" ಎಂದು ಗೋಳಾಡಿದರು. ಜನ ಅವರ ಪಕ್ಕದಿಂದ ಹಾದು ಮುಂದೆ ಹೋದರು.

ಚೌಕದಲ್ಲಿ ರಾಷ್ಟ್ರಗೀತೆ ಮೊಳಗಿತು. ಕಾರಂಜಿ ಎದ್ದಿತು. ನಾನು ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣಲ್ಲಿ ನೀರು ಬಂತು. ನನ್ನ ದೇಶ ಇಷ್ಟು ನೀರನ್ನು ಆಕಾಶಕ್ಕೆ ಎಸೆಯಬಲ್ಲದೇ ಎಂದು ಎದೆಯುಬ್ಬಿತು. ಆ ಹೆಮ್ಮೆ ನಿಜವಾದದ್ದು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು, ಇಷ್ಟು ಬಲವಿರುವ ದೇಶಕ್ಕೆ ನನ್ನ ಶಾಲೆಗೆ ಒಂದು ನಲ್ಲಿ ಹಾಕಲು ಕಷ್ಟವೇ? ಹೆಮ್ಮೆ ಪಟ್ಟವರಿಗೆ ಹಾಗೆ ಕೇಳುವ ಹಕ್ಕಿಲ್ಲವೇ? ನಾನು ಕೇಳಲಿಲ್ಲ, ಮಕ್ಕಳ ಸಾಲು ನೇರ ಮಾಡುತ್ತ ನಿಂತಿದ್ದೆ. ನನ್ನ ಅತ್ತೆ ಮಾತ್ರ ಕಾವಡಿ ಸಮೇತ ನಾಯಕರ ಮುಂದೆ ಹೋಗಿ ನಿಂತಿದ್ದರು.

ನಾಯಕರು ನಗುತ್ತಲೇ ಕೇಳಿದರು, "ಅಮ್ಮಾ, ಈ ಬಕೆಟ್ ಯಾಕೆ?"

"ನೀರಿಗೆ, ಮಗಾ. ಎಷ್ಟು ಚೆನ್ನಾಗಿ ಹಾರ್ತದೆ ಇದು! ಗುಮ್ಮಟಕ್ಕಿಂತ ಮೇಲೆ ಹೋಗ್ತದೆ. ಇಂಥ ನೀರಿಗೆ ನಮ್ಮ ಬೆಟ್ಟ ಯಾವ ಮಹಾ? ಒಂದು ಚೂರು ಆ ಕಡೆ ತಿರುಗ್ಸಿದ್ರೆ ನಮ್ಮ ಸ್ಕೂಲ್ ಮುಚ್ಚಲ್ಲ."

ಪೊಲೀಸರು ಡ್ವಾನ್ ಅವರ ಮುಖ ನೋಡಿದರು. ಇವರು ಕಣ್ಸನ್ನೆ ಮಾಡಿದ್ದರೆ ಸಾಕಿತ್ತು, ಅತ್ತೆಯನ್ನು ಎತ್ತಿಕೊಂಡು ಹೋಗುತ್ತಿದ್ದರು. ತಾಲೂಕಿನ ಮಾನ, ಇವರ ಬಡ್ತಿ, ಎಲ್ಲ ಆ ಎರಡು ಬಕೆಟ್ಟಿನ ಮುಂದೆ ತೂಗಾಡುತ್ತಿತ್ತು. ಆಗ ಡ್ವಾನ್ ಅವರು ಮುಂದೆ ಬಂದು, ಅತ್ತೆಯ ಹೆಗಲಿನ ಕಾವಡಿಯನ್ನು ತಾವೇ ಇಳಿಸಿ ಹೇಳಿದರು: "ಸಾರ್, ಇದು ಕಾರ್ಯಕ್ರಮದ್ದೇ ಭಾಗ. ಈ ಕೊಳವೆಯಿಂದ ಹೈಷಿವಾನ್ ಹಳ್ಳಿಗೆ ಕುಡಿಯೋ ನೀರು ಕೊಡ್ತಿದ್ದೀವಿ. ಮೊದಲ ನೀರು ಒಯ್ಯೋಕೆ ಹಳ್ಳಿಯವ್ರು ಬಂದಿದಾರೆ. ವಸಂತದ ಹೊತ್ತಿಗೆ ಶಾಲೆಗೇ ನಲ್ಲಿ ಬರತ್ತೆ."

ಶುದ್ಧ ಸುಳ್ಳು! ಅಂಥ ಯೋಜನೆಯನ್ನು ಯಾರೂ ಕನಸಲ್ಲೂ ಕಂಡಿರಲಿಲ್ಲ. ನಾಯಕರು ಮೆಚ್ಚಿ ಬೆನ್ನು ತಟ್ಟಿದರು. ಪ್ರಾಂತ್ಯದ ಟಿವಿಯಲ್ಲಿ ಆ ಸಂಜೆಯೇ ಸುದ್ದಿ ಬಂತು, ನನ್ನ ಅತ್ತೆ ಜಡೆಯಲ್ಲಿ ಬಾವುಟ ಸಿಕ್ಕಿಸಿಕೊಂಡು ಕಾರಂಜಿಯಿಂದ ಬಕೆಟ್ ತುಂಬುತ್ತಿರುವ ದೃಶ್ಯದೊಂದಿಗೆ. ಟಿವಿಯಲ್ಲಿ ಬಂದದ್ದನ್ನು ಇಲ್ಲವೆನ್ನುವುದು ಹೇಗೆ? ಇಡೀ ಪ್ರಾಂತ್ಯದ ಮುಂದೆ ಆಡಿದ ಮಾತು. ಈಗ ಮಾನ ಉಳಿಯಬೇಕಾದರೆ ನೀರು ಬೆಟ್ಟ ಹತ್ತಲೇಬೇಕು.

ಕಾರಂಜಿಯ ಎರಡನೇ ಹಂತವೆಂದು ಕಲ್ಲಿನ ಡ್ರ್ಯಾಗನ್‌ಗಳ ಬಾಯಿಂದ ನೀರು ಚಿಮ್ಮಿಸುವುದಿತ್ತು. ಅದಕ್ಕೆಂದು ಬಂದಿದ್ದ ಪಂಪುಗಳು, ಕೊಳವೆಗಳು ಒಂದೊಂದಾಗಿ ನಮ್ಮ ಬೆಟ್ಟಕ್ಕೆ ಬಂದವು. ಮೇಲಿನವರು ಡ್ವಾನ್ ಅವರ ಮೇಲೆ ಹಾರಾಡಿದರು. ಡ್ರ್ಯಾಗನ್ ಎಲ್ಲಿ ಎಂದರು. ಚೌಕದ ವೈಭವ ಅರ್ಧಕ್ಕೆ ನಿಂತಿತೆಂದರು. ಇವರು ನೆಲ ಅಗೆಯುವವರ ಜೊತೆ ಬೂಟು ಹಾಕಿಕೊಂಡು ಇಲ್ಲೇ ಓಡಾಡುತ್ತಿದ್ದರು, ನಮ್ಮ ಮನೆಯ ಆಲೂಗಡ್ಡೆ ತಿಂದು ನಮ್ಮ ಅತ್ತೆಯ ಬೈಗುಳವನ್ನೂ ತಿನ್ನುತ್ತಿದ್ದರು. ಒಂದು ದಿನ ನಾನು ಕೇಳಿದೆ, "ನಿಜ ಹೇಳಿ, ಅವತ್ತು ಯಾಕೆ ಹಾಗಂದ್ರಿ?"

"ಮಾನ ಉಳಿಸ್ಕೊಳ್ಳೋಕೆ. ಇನ್ಯಾಕೆ?" ಎಂದರು. ಆಮೇಲೆ ಬೂಟಿನ ಮಣ್ಣು ಕೆರೆಯುತ್ತ ಹೇಳಿದರು, "ಆ ಕಾವಡಿ ಇಳಿಸ್ದಾಗ ಕೈಗೆ ಅದರ ಭಾರ ಗೊತ್ತಾಯ್ತು ನೋಡಿ. ಖಾಲಿ ಬಕೆಟ್ಟೇ ಅಷ್ಟು ಭಾರ. ನಮ್ಮಮ್ಮನೂ ಹೊತ್ತೋಳೇ. ನಾನು ಮರ್ತೇ ಹೋಗಿದ್ದೆ."

ವಸಂತದಲ್ಲಿ ಈ ಅಂಗಳದ ನಲ್ಲಿಯಲ್ಲಿ ಮೊದಲು ಗಾಳಿ ಬಂತು, ಆಮೇಲೆ ಕೆಸರು, ಆಮೇಲೆ ನೀರು. ಶಾಲೆ ಉಳಿಯಿತು. ಕುರಿ ಕಾಯಬೇಕಿದ್ದ ಹುಡುಗಿಯೊಬ್ಬಳು ಈಗ ಇದೇ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಡ್ವಾನ್ ಅವರಿಗೆ ಬಡ್ತಿ ಬರಲಿಲ್ಲ, ಕೃಷಿ ಯಂತ್ರಗಳ ಗೋದಾಮಿಗೆ ವರ್ಗವಾಯಿತು, ಅಲ್ಲಿಂದಲೇ ನಿವೃತ್ತರಾದರು. ಕಲ್ಲಿನಲ್ಲಿ ನಿಮ್ಮ ಹೆಸರು ಕೆತ್ತಿಸುತ್ತೇವೆ ಎಂದರೆ, "ಏನಂತ ಕೆತ್ತಿಸ್ತೀರಿ, ಸುಳ್ಳುಗಾರ ಅಂತಾನಾ?" ಎಂದು ರೇಗಿದರು. ನನ್ನ ಅತ್ತೆ ತೀರಿಕೊಳ್ಳುವ ಮುಂಚೆ ಒಂದು ಮಧ್ಯಾಹ್ನ ನನ್ನನ್ನು ಕರೆದು ಮಣೆಯ ಮೇಲೆ ಕೂರಿಸಿ, ನಲ್ಲಿಯ ನೀರಲ್ಲಿ ನನ್ನ ತಲೆ ತೊಳೆದರು. ನನ್ನ ಕೂದಲು ಅಷ್ಟು ಹೊತ್ತಿಗೆ ಬೆಳ್ಳಗಾಗಿತ್ತು.

ಈಗ ಕಾರಂಜಿ ನಿಂತಿದೆ. ಅದರ ನೀರು ನಮ್ಮ ಕಡೆಯ ಬೆಟ್ಟಗಳಿಗೆಲ್ಲ ಹಂಚಿಹೋಗಿದೆ. ಒಣಗಿದ ಕೊಳದಲ್ಲಿ ಸಂಜೆ ಪಟ್ಟಣದ ಹೆಂಗಸರು ಟೇಪು ಹಾಕಿಕೊಂಡು ಕುಣಿಯುತ್ತಾರೆ. ಪಕ್ಕದ ತಾಲೂಕಿನವರು ನಗುತ್ತಾರಂತೆ, ನಗಲಿ. ನನ್ನ ದೇಶದ ಬಗ್ಗೆ ನನಗೆ ಹೆಮ್ಮೆ ಕಡಿಮೆಯಾಗಿಲ್ಲ, ಆದರೆ ಈಗ ಅದನ್ನು ಕತ್ತು ಎತ್ತಿ ನೋಡಬೇಕಿಲ್ಲ. ಇಲ್ಲೇ ಅಂಗಳದಲ್ಲಿ ಕಾಣುತ್ತದೆ.

ಅಂಗಳದ ಮೂಲೆಯ ಸದ್ದು ನಿಮಗೂ ಕೇಳುತ್ತಿರಬೇಕು. ಸ್ವಾಗತ ಗೀತೆ ಹಾಡಬೇಕಿದ್ದ ಒಂದನೇ ತರಗತಿಯ ಮಕ್ಕಳು ನಲ್ಲಿಯ ಹತ್ತಿರ ಒಬ್ಬರ ಮೇಲೊಬ್ಬರು ನೀರು ಎರಚಿಕೊಳ್ಳುತ್ತಿದ್ದಾರೆ. ಮುಖ್ಯೋಪಾಧ್ಯಾಯಿನಿಯಾಗಿ ನಾನು ಹೋಗಿ ಗದರಿಸಬೇಕು. ನನ್ನಿಂದ ಆಗುವುದಿಲ್ಲ. ಇಷ್ಟು ವರ್ಷ ದೊಡ್ಡವರು ದುಂದು ಮಾಡಿದ್ದಾಯಿತು, ಸ್ವಲ್ಪ ಇವರೂ ಮಾಡಲಿ. ಅವರು ಒದ್ದೆ ಬಟ್ಟೆಯಲ್ಲೇ ವೇದಿಕೆಗೆ ಬಂದು ಹಾಡುತ್ತಾರೆ. ಡ್ವಾನ್ ಅವರೇ, ಕಣ್ಣು ಒರೆಸಿಕೊಂಡದ್ದು ಸಾಕು, ಕುರ್ಚಿ ಸ್ವಲ್ಪ ಹಿಂದಕ್ಕೆ ಹಾಕಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಮೇಲೂ ಹನಿ ಬೀಳುತ್ತದೆ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆ. ಮಕ್ಕಳು ಬರುತ್ತಿದ್ದಾರೆ, ದಾರಿ ಬಿಡಿ. ನಮಸ್ಕಾರ.