ಅಡುಗೆಯಮ್ಮನ ಮೊದಲ ಮಾತು

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಮುದ್ರಣಾಲಯದ ಕೆಲಸಗಾರ ಬನ್ನಿನ ಪೊಟ್ಟಣ ಬಿಚ್ಚುತ್ತಿದ್ದ. ಪಕ್ಕದಲ್ಲಿ ಅತ್ತೆ, ಸೊಸೆ. ಸೊಸೆಯ ಮಡಿಲಲ್ಲಿ ನೋಟ್‌ಬುಕ್ಕು. ಅವನಿಗೆ ಕೇಳಿಸಿಕೊಳ್ಳುವ ಇರಾದೆ ಇರಲಿಲ್ಲ, ಆದರೆ ಕಿವಿಗೆ ಬಾಗಿಲಿಲ್ಲವಲ್ಲ.

“‘ವೇದಿಕೆಯ ಮೇಲಿರುವ ಗಣ್ಯರೇ’ ಅಂತ ಶುರು ಮಾಡಿ, ಅತ್ತೆ.”

“ಅದ್ಯಾವ ಗಣ್ಯರೇ? ಎಲ್ಲಾ ನನ್ನ ಕೈಯಡುಗೆ ಉಂಡು ಬೆಳೆದ ಹುಡುಗರು.”

“ಈಗ ಒಬ್ಬರು ಜಡ್ಜು, ಇಬ್ಬರು ಡಾಕ್ಟರು.”

“ಅದಕ್ಕೇ ನಾನು ಬರಲ್ಲ ಅನ್ನೋದು. ಹುಷಾರಿಲ್ಲ ಅಂತ ಹೇಳ್ಬಿಡು. ಇಪ್ಪತ್ತೆಂಟು ವರ್ಷ ಹಾಸ್ಟೆಲಲ್ಲಿ ಸೌಟು ಹಿಡಿದೋಳು ನಾನು, ಮೈಕು ಹಿಡಿದೋಳಲ್ಲ.”

“ನೀವೇ ಹೋಗದಿದ್ರೆ ಸನ್ಮಾನ ಯಾರಿಗೆ ಮಾಡ್ತಾರೆ, ಒಲೆಗಾ?”

“ಮೊದಲನೇ ಮಾತು ಬಂದ್ರೆ ಮಿಕ್ಕಿದ್ದು ತಾನಾಗೇ ಬರುತ್ತೆ ಕಣೇ. ಅದೇ ಹೊಳೀತಿಲ್ಲ.”

ಸೊಸೆ ಬರೆದದ್ದನ್ನು ಹೊಡೆದುಹಾಕಿದಳು.

“ಸರಿ, ಬಡಿಸೋಕೆ ಮುಂಚೆ ಅವರಿಗೆ ದಿನಾ ಏನು ಹೇಳ್ತಿದ್ರಿ?”

ಅತ್ತೆ ಯೋಚಿಸಲೇ ಇಲ್ಲ. ಬೆನ್ನು ನೆಟ್ಟಗಾಯಿತು, ದನಿ ಗಟ್ಟಿಯಾಯಿತು.

“ಎಲ್ಲಿ, ಕೈ ತೋರಿಸಿ. ತೊಳ್ಕೊಂಡಿದ್ದೀರಾ?”

“ಅಷ್ಟೇ ಸಾಕು, ಅತ್ತೆ. ಜಡ್ಜೂ ಕೈ ಚಾಚ್ತಾರೆ.”

ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು. ಮುದ್ರಣಾಲಯದವನು ಬಾಯಿಯ ತನಕ ಒಯ್ದಿದ್ದ ಬನ್ನನ್ನು ಇಳಿಸಿ, ಶಾಯಿ ಮೆತ್ತಿದ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಪೊಟ್ಟಣ ಮಡಚಿಟ್ಟು, ಎದ್ದು ನಲ್ಲಿಯ ಕಡೆ ನಡೆದ.